ಔಟ್‌ಶೈನ್: ಅರ್ಥವೇನು, ವಾಕ್ಯದಲ್ಲಿ ಕೂರಿಸುವುದು ಹೇಗೆ?

‘ಔಟ್‌ಶೈನ್ ಅಂದರೆ ಕನ್ನಡದಲ್ಲಿ ಏನು?’ ಇಂಗ್ಲಿಷ್ ಕಲಿಯುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ‘ಮೀರಿಸು’ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸಬಹುದು. ಆದರೆ ಅಷ್ಟೇ ತಿಳಿದುಕೊಂಡು ಹೋದವರು ಸ್ವಲ್ಪ ದಿನದಲ್ಲೇ ಇನ್ನೊಂದು ಪ್ರಶ್ನೆ ಹಿಡಿದು ಬರುತ್ತಾರೆ. ‘ಖರ್ಚು ಬಜೆಟ್ ಮೀರಿತು ಎನ್ನಲು ಔಟ್‌ಶೈನ್ ಹಾಕಿದೆ, ತಪ್ಪು ಅಂದರು. ಯಾಕೆ?’ ಈ ಲೇಖನ ಆ ‘ಯಾಕೆ’ಗೆ ಉತ್ತರ. ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋಗೋಣ.

ಮೊದಲು ಕೈಯಲ್ಲಿ ಏನಿರಬೇಕು? ಒಂದು ನೋಟ್‌ಬುಕ್, ಮತ್ತು ಇಂಗ್ಲಿಷ್‌ನಿಂದ ಇಂಗ್ಲಿಷ್‌ಗೆ ಅರ್ಥ ಕೊಡುವ ಒಂದು ಲರ್ನರ್ಸ್ ಡಿಕ್ಷನರಿ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ಅದು. ಪದ ವಾಕ್ಯದಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ಉದಾಹರಣೆ ಸಮೇತ ತೋರಿಸುತ್ತದೆ. ಬರೀ ಇಂಗ್ಲಿಷ್–ಕನ್ನಡ ನಿಘಂಟು ಇದ್ದರೆ ಅರ್ಥ ಸಿಗುತ್ತದೆ, ಬಳಕೆ ಸಿಗುವುದಿಲ್ಲ. ಈ ಪದದಲ್ಲಂತೂ ಎಡವುವುದೆಲ್ಲ ಬಳಕೆಯಲ್ಲೇ.

1. ಪದವನ್ನು ಎರಡು ತುಂಡು ಮಾಡಿ

‘ಶೈನ್’ ಅಂದರೆ ಹೊಳೆ, ಬೆಳಗು. ಇದು ನಿಮಗೆ ಗೊತ್ತು. ತೊಂದರೆ ಕೊಡುವುದು ಮುಂದೆ ಅಂಟಿಕೊಂಡಿರುವ ‘ಔಟ್’. ಇದನ್ನು ‘ಹೊರಗೆ’ ಎಂದು ಓದಿದರೆ ‘ಹೊರಗೆ ಹೊಳೆಯುವುದು’ ಎಂಬ ಅರ್ಥವಿಲ್ಲದ ಮಾತಾಗುತ್ತದೆ. ಇಲ್ಲಿ ‘ಔಟ್’ ಎಂದರೆ ‘ಇನ್ನೊಬ್ಬರಿಗಿಂತ ಜಾಸ್ತಿ’. ಅಂದರೆ ಔಟ್‌ಶೈನ್ ಎಂದರೆ ಇನ್ನೊಂದಕ್ಕಿಂತ ಜಾಸ್ತಿ ಹೊಳೆ.

ಈ ‘ಔಟ್’ ಒಂಟಿಯಲ್ಲ, ದೊಡ್ಡ ಕುಟುಂಬವೇ ಇದೆ. ಔಟ್‌ರನ್ ಅಂದರೆ ಇನ್ನೊಬ್ಬರಿಗಿಂತ ವೇಗವಾಗಿ ಓಡು. ಔಟ್‌ಲಿವ್ ಅಂದರೆ ಇನ್ನೊಬ್ಬರಿಗಿಂತ ಹೆಚ್ಚು ಕಾಲ ಬದುಕು. ಔಟ್‌ನಂಬರ್ ಅಂದರೆ ಸಂಖ್ಯೆಯಲ್ಲಿ ಹೆಚ್ಚಿರು. ಔಟ್‌ವೇ ಅಂದರೆ ತೂಕದಲ್ಲಿ ಹೆಚ್ಚಾಗು. ‘ಅನುಕೂಲಗಳು ಅನನುಕೂಲಗಳಿಗಿಂತ ಹೆಚ್ಚು’ ಎನ್ನುವಾಗ ಬರುವ ಪದ. ಒಂದರ ಗುಟ್ಟು ತಿಳಿದರೆ ಉಳಿದವೆಲ್ಲ ತಾವಾಗೇ ಬಿಚ್ಚಿಕೊಳ್ಳುತ್ತವೆ. ನನಗೆ ಈ ಪದ ಕಲಿಸಲು ಇಷ್ಟ ಆಗುವುದೂ ಇದಕ್ಕೇ: ಒಂದು ಕಲಿತರೆ ಹತ್ತು ಸಿಗುತ್ತವೆ.

ಎಚ್ಚರ: ಔಟ್‌ಕಮ್, ಔಟ್‌ಲುಕ್, ಔಟ್‌ಪುಟ್ ಈ ಕುಟುಂಬದವಲ್ಲ. ಅವು ನಾಮಪದಗಳು, ಅಲ್ಲಿ ‘ಔಟ್’ ಎಂದರೆ ‘ಹೊರಗೆ’ ಅಥವಾ ‘ಹೊರಬಂದದ್ದು’. ಗುರುತಿಸಲು ಕಿವಿ ಸಾಕು. ಆ ನಾಮಪದಗಳಲ್ಲಿ ಒತ್ತು ಮೊದಲಿನ ‘ಔಟ್’ ಮೇಲೆ ಬೀಳುತ್ತದೆ. ಔಟ್‌ಶೈನ್, ಔಟ್‌ರನ್‌ನಂಥ ಕ್ರಿಯಾಪದಗಳಲ್ಲಿ ಒತ್ತು ಎರಡನೇ ತುಂಡಿನ ಮೇಲೆ. ಜೋರಾಗಿ ಎರಡು ಸಲ ಹೇಳಿ ನೋಡಿ, ಗೊತ್ತಾಗುತ್ತದೆ.

2. ಬೆಳಕಿನ ಅರ್ಥದಿಂದ ಶುರು ಮಾಡಿ

ಔಟ್‌ಶೈನ್‌ಗೆ ಎರಡು ಅರ್ಥ: ನಿಜವಾದ ಬೆಳಕಿನದು ಒಂದು, ಪ್ರತಿಭೆಯದು ಇನ್ನೊಂದು. ಜನ ಎರಡನೆಯದನ್ನೇ ಜಾಸ್ತಿ ಬಳಸುತ್ತಾರೆ. ಆದರೆ ಮೊದಲನೆಯದನ್ನು ಕಣ್ಣಾರೆ ನೋಡಿದರೆ ಎರಡನೆಯದರಲ್ಲಿ ತಪ್ಪಾಗುವುದಿಲ್ಲ.

ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಶುಕ್ರ ಗ್ರಹ ಕಾಣುವ ದಿನಗಳಲ್ಲಿ ಒಮ್ಮೆ ಆಕಾಶ ನೋಡಿ. ಖಗೋಳ ತಿಳಿದವರು ಹೊಳಪನ್ನು ‘ಮ್ಯಾಗ್ನಿಟ್ಯೂಡ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಜಾಸ್ತಿ. ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ, ಅಂದರೆ ಸಿರಿಯಸ್. ಅದರದು −1.46. ಶುಕ್ರ ತುಂಬ ಹೊಳೆಯುವ ದಿನಗಳಲ್ಲಿ ಸುಮಾರು −4.6. ಅಂದರೆ ಲುಬ್ಧಕಕ್ಕಿಂತ 15 ಪಟ್ಟಿಗೂ ಜಾಸ್ತಿ ಹೊಳಪು. ಇದನ್ನು ಇಂಗ್ಲಿಷ್‌ನಲ್ಲಿ ಹೇಳುವುದು ಹೀಗೆ: ‘ವೀನಸ್ ಔಟ್‌ಶೈನ್ಸ್ ಸಿರಿಯಸ್.’

ಈಗ ಒಂದು ಮಾತು ಗಮನಿಸಿ. ಶುಕ್ರ ಇಷ್ಟು ಹೊಳೆದರೂ ಲುಬ್ಧಕ ಮಾಯವಾಗುವುದಿಲ್ಲ. ಅದೂ ತನ್ನ ಪಾಡಿಗೆ ಚೆನ್ನಾಗಿಯೇ ಹೊಳೆಯುತ್ತಿರುತ್ತದೆ. ಇನ್ನೊಂದು, ಲುಬ್ಧಕವನ್ನು ಮಂಕು ಮಾಡಬೇಕು ಎಂದು ಶುಕ್ರ ಏನೂ ಮಾಡುತ್ತಿಲ್ಲ. ಸುಮ್ನೆ ತಾನು ಹೊಳೆಯುತ್ತಿದೆ, ಅಷ್ಟೇ. ಔಟ್‌ಶೈನ್‌ನ ಜೀವ ಇರುವುದು ಈ ಎರಡು ಮಾತಿನಲ್ಲಿ. ಒಂದು, ಹಿಂದೆ ಬಿದ್ದವರಿಗೂ ಬೆಳಕಿದೆ. ಎರಡು, ಮುಂದೆ ಹೋದವರಿಗೆ ಅವರನ್ನು ಹಿಂದಿಕ್ಕುವ ಉದ್ದೇಶ ಇರಲೇಬೇಕೆಂದಿಲ್ಲ.

ಇದೇ ಕಣ್ಣಿನಿಂದ ಮನುಷ್ಯರನ್ನು ನೋಡಿ. 2009ರಲ್ಲಿ ಬರ್ಲಿನ್‌ನ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಟೈಸನ್ ಗೇ 100 ಮೀಟರ್ ಓಟವನ್ನು 9.71 ಸೆಕೆಂಡಿನಲ್ಲಿ ಮುಗಿಸಿದರು. ಆವತ್ತಿಗೆ ಅದು ಅಮೆರಿಕದ ದಾಖಲೆ. ಬೇರೆ ಯಾವ ದಿನವಾದರೂ ಜಗತ್ತು ಅವರನ್ನು ಹೊತ್ತು ಮೆರೆಸುತ್ತಿತ್ತು. ಆದರೆ ಪಕ್ಕದಲ್ಲೇ ಉಸೇನ್ ಬೋಲ್ಟ್ 9.58ರಲ್ಲಿ ಗುರಿ ಮುಟ್ಟಿದ್ದರು. ‘ಗೇ ವಾಸ್ ಔಟ್‌ಶೋನ್ ಬೈ ಬೋಲ್ಟ್’ ಎನ್ನಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಹೊಳೆಯುತ್ತಿಲ್ಲ. ಗೇ ಕೆಟ್ಟದಾಗಿ ಓಡಿದರು ಎಂಬ ಅರ್ಥ ಈ ವಾಕ್ಯದಲ್ಲಿ ಎಲ್ಲೂ ಇಲ್ಲ.

3. ರೂಪಗಳನ್ನು ಬಾಯಿಪಾಠ ಮಾಡಿ

ಇದು ಬೇಗ ಮುಗಿಯುತ್ತದೆ. ಈಗಿನ ಕಾಲಕ್ಕೆ ಔಟ್‌ಶೈನ್, ಔಟ್‌ಶೈನ್ಸ್. ಹಿಂದಿನ ಕಾಲಕ್ಕೆ ಔಟ್‌ಶೋನ್. ‘ಹ್ಯಾವ್’, ‘ಹ್ಯಾಸ್’, ‘ವಾಸ್’ ಜೊತೆ ಬರುವ ಮೂರನೇ ರೂಪವೂ ಔಟ್‌ಶೋನ್. ಬ್ರಿಟಿಷರು ಇದನ್ನು ‘ಔಟ್‌ಶಾನ್’ ಎಂದು ಮೊಟಕಾಗಿ ಉಚ್ಚರಿಸುತ್ತಾರೆ, ಅಮೆರಿಕದವರು ‘ಔಟ್‌ಶೋನ್’ ಎಂದು ಎಳೆದು. ಎರಡೂ ಸರಿ.

‘ಔಟ್‌ಶೈನ್ಡ್’ ಎಂಬ ರೂಪವನ್ನೂ ಕೆಲವು ನಿಘಂಟುಗಳು ಕೊಡುತ್ತವೆ. ಆದರೂ ಪರೀಕ್ಷೆಯಲ್ಲಿ, ಆಫೀಸಿನ ಬರವಣಿಗೆಯಲ್ಲಿ ಔಟ್‌ಶೋನ್ ಬಳಸಿ. ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ.

ಎಚ್ಚರ: ಸ್ಪೆಲಿಂಗ್. ‘ಶೋನ್’ ಅಂದ ಕೂಡಲೇ ‘ತೋರಿಸಿದ’ ಎಂಬ ಅರ್ಥದ ‘ಶೋನ್’ ನೆನಪಾಗಿ, ಎಸ್-ಎಚ್-ಓ-ಡಬ್ಲ್ಯೂ-ಎನ್ ಎಂದು ಬರೆದುಬಿಡುತ್ತಾರೆ. ಅಮೆರಿಕದ ಉಚ್ಚಾರಣೆಯಲ್ಲಿ ಎರಡೂ ಒಂದೇ ಥರ ಕೇಳುವುದರಿಂದ ಈ ತಪ್ಪು ಸಹಜ. ನಮಗೆ ಬೇಕಾದದ್ದು ಎಸ್-ಎಚ್-ಓ-ಎನ್-ಇ. ‘ಶೈನ್’ ಪದದ ನಡುವಿನ ಐ ಅಕ್ಷರ ತೆಗೆದು ಓ ಇಟ್ಟರೆ ಆಯಿತು, ಬೇರೇನೂ ಬದಲಾಗುವುದಿಲ್ಲ.

4. ಕನ್ನಡ ವಾಕ್ಯವನ್ನು ತಿರುಗಿಸಿ

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ. ನಾನು ನೋಡಿದ ತಪ್ಪುಗಳಲ್ಲಿ ಜಾಸ್ತಿ ಪಾಲು ಹುಟ್ಟುವುದು ಇಲ್ಲೇ.

ನಾವು ಕನ್ನಡದಲ್ಲಿ ಈ ವಿಷಯವನ್ನು ಹೇಗೆ ಹೇಳುತ್ತೇವೆ? ‘ಅವಳ ಹಾಡಿನ ಮುಂದೆ ಉಳಿದವರ ಹಾಡು ಸಪ್ಪೆಯಾಯಿತು.’ ‘ಅವನ ಮುಂದೆ ಇವರೆಲ್ಲ ಏನೂ ಅಲ್ಲ.’ ಗಮನಿಸಿದಿರಾ? ಸಪ್ಪೆಯಾದವರ ಕಡೆಯಿಂದ ಮಾತು ಸಾಗುತ್ತದೆ. ವಾಕ್ಯದ ಕರ್ತೃ, ಅಂದರೆ ಕ್ರಿಯೆ ಯಾರದೋ ಅವರು, ಹಿಂದೆ ಬಿದ್ದವರೇ. ಹೊಳೆದವಳು ‘ಮುಂದೆ’ ಎಂಬ ಪದದ ಆಸರೆಯಲ್ಲಿ ಪಕ್ಕಕ್ಕೆ ನಿಂತಿರುತ್ತಾಳೆ. ಇದು ನಮ್ಮ ಭಾಷೆಯ ಸಹಜ ನಡೆ, ಚೆಂದವಾಗಿಯೇ ಇದೆ.

ಇದನ್ನೇ ಪದಕ್ಕೆ ಪದ ಇಟ್ಟು ಇಂಗ್ಲಿಷ್ ಮಾಡಿದರೆ ‘ಇನ್ ಫ್ರಂಟ್ ಆಫ್ ಹರ್ ಸಾಂಗ್, ಅದರ್ಸ್ ಸಾಂಗ್ ಬಿಕೇಮ್ ಡಲ್’ ಎಂದಾಗುತ್ತದೆ. ಇಂಗ್ಲಿಷ್‌ನವರಿಗೆ ‘ಇನ್ ಫ್ರಂಟ್ ಆಫ್’ ಎಂದರೆ ಜಾಗ: ಮನೆ ಮುಂದೆ, ಕಾರಿನ ಮುಂದೆ. ಹಾಡಿನ ಮುಂದೆ ಯಾರು ಹೋಗಿ ನಿಂತರು ಎಂದು ಅವರು ತಲೆ ಕೆಡಿಸಿಕೊಳ್ಳುತ್ತಾರೆ.

ಹಾಗಾದರೆ ಏನು ಮಾಡಬೇಕು? ಕನ್ನಡ ವಾಕ್ಯದಲ್ಲಿ ‘ಮುಂದೆ’ ಎಂಬುದರ ಹಿಂದೆ ಯಾರಿದ್ದಾರೆ ನೋಡಿ. ಇಲ್ಲಿ ‘ಅವಳ ಹಾಡು’. ಹೊಳೆದದ್ದು ಅದೇ. ಅವಳನ್ನು ಎತ್ತಿ ಇಂಗ್ಲಿಷ್ ವಾಕ್ಯದ ಮೊದಲಿಗೆ ಇಡಿ: ‘ಶಿ’. ಆಮೇಲೆ ಕ್ರಿಯಾಪದ: ‘ಔಟ್‌ಶೋನ್’. ಆಮೇಲೆ ಸಪ್ಪೆಯಾದವರು: ‘ಆಲ್ ದಿ ಅದರ್ ಸಿಂಗರ್ಸ್’. ಪೂರ್ತಿ ವಾಕ್ಯ: ‘ಶಿ ಔಟ್‌ಶೋನ್ ಆಲ್ ದಿ ಅದರ್ ಸಿಂಗರ್ಸ್.’ ‘ಮುಂದೆ’ ಎಲ್ಲಿ ಹೋಯಿತು, ‘ಸಪ್ಪೆಯಾಯಿತು’ ಎಲ್ಲಿ ಹೋಯಿತು ಎಂದು ಹುಡುಕಬೇಡಿ. ಎರಡೂ ‘ಔಟ್‌ಶೋನ್’ ಹೊಟ್ಟೆಯೊಳಗೇ ಇವೆ.

ಇಲ್ಲಿ ಜನ ಬೀಳುವ ಗುಂಡಿಗಳು ನಾಲ್ಕು.

ಮೊದಲನೆಯದು ‘ದ್ಯಾನ್’. ಕನ್ನಡದ ‘ಗಿಂತ’ ತಲೆಯಲ್ಲಿ ಕೂತಿರುವುದರಿಂದ ‘ಶಿ ಔಟ್‌ಶೋನ್ ದ್ಯಾನ್ ಅದರ್ಸ್’ ಎಂದು ಬರೆಯುತ್ತಾರೆ. ಬೇಡ. ‘ಗಿಂತ ಜಾಸ್ತಿ’ ಎಂಬುದು ಆಗಲೇ ‘ಔಟ್’ನಲ್ಲಿ ಇದೆ. ಹಾಗೆಯೇ ‘ಓವರ್’, ‘ಫ್ರಮ್’, ‘ಟು’ ಯಾವುದೂ ನಡುವೆ ಬೇಡ. ‘ಮೋರ್ ಔಟ್‌ಶೋನ್’ ಅಂತೂ ಬೇಡವೇ ಬೇಡ. ಒತ್ತಿ ಹೇಳಬೇಕು ಅನ್ನಿಸಿದರೆ ‘ಈಸಿಲಿ ಔಟ್‌ಶೋನ್’ ಅಥವಾ ‘ಫಾರ್ ಔಟ್‌ಶೋನ್’ ಎನ್ನಿ.

ಎರಡನೆಯದು, ಯಾರನ್ನು ಎಂದು ಹೇಳದೆ ನಿಲ್ಲಿಸುವುದು. ಔಟ್‌ಶೈನ್ ಸಕರ್ಮಕ ಕ್ರಿಯಾಪದ. ಅಂದರೆ ‘ಯಾರನ್ನು’ ಅಥವಾ ‘ಏನನ್ನು’ ಎಂಬ ಪ್ರಶ್ನೆಗೆ ಉತ್ತರ ಇಲ್ಲದೆ ಅದು ನಿಲ್ಲುವುದಿಲ್ಲ. ‘ಯಸ್ಟರ್ಡೇ ಶಿ ಔಟ್‌ಶೋನ್’ ಎಂದರೆ ಕೇಳುವವರು ‘ಯಾರನ್ನ?’ ಎಂದು ಕಾಯುತ್ತಾರೆ. ಸುಮ್ನೆ ಚೆನ್ನಾಗಿ ಹಾಡಿದಳು, ಮಿಂಚಿದಳು ಎಂದಷ್ಟೇ ಹೇಳಬೇಕಿದ್ದರೆ ‘ಶಿ ಶೋನ್’ ಸಾಕು. ಬರೀ ‘ಶೈನ್’ ಒಬ್ಬರಿದ್ದರೂ ಆಗುತ್ತದೆ. ಔಟ್‌ಶೈನ್‌ಗೆ ಇಬ್ಬರು ಬೇಕು.

ಮೂರನೆಯದು ಸ್ವಲ್ಪ ಸೂಕ್ಷ್ಮ. ಕ್ಲಾಸಿನ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ‘ಶಿ ಔಟ್‌ಶೋನ್ ಆಲ್ ದ ಸ್ಟೂಡೆಂಟ್ಸ್’ ಎಂದರೆ ಆ ‘ಆಲ್’ನಲ್ಲಿ ಅವಳೂ ಸೇರಿಬಿಡುತ್ತಾಳೆ. ತನ್ನನ್ನೂ ತಾನು ಮೀರಿಸಿದಂತಾಗುತ್ತದೆ. ‘ಅದರ್’ ಸೇರಿಸಿ: ‘ಆಲ್ ದಿ ಅದರ್ ಸ್ಟೂಡೆಂಟ್ಸ್’. ಅಥವಾ ‘ದ ರೆಸ್ಟ್ ಆಫ್ ದ ಕ್ಲಾಸ್’. ಚಿಕ್ಕ ಪದ, ಆದರೆ ಒಳ್ಳೆಯ ಓದುಗರ ಕಣ್ಣು ಮೊದಲು ಹೋಗುವುದು ಇಲ್ಲಿಗೇ.

ನಾಲ್ಕನೆಯದು ‘ಮಂಕಾಗಿಸಿದಳು’ ಎಂಬ ಅನುವಾದ. ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವಾಗ ಈ ಗುಂಡಿ ಕಾಣಿಸಿಕೊಳ್ಳುತ್ತದೆ. ‘ಅವಳು ಎಲ್ಲರನ್ನೂ ಮಂಕಾಗಿಸಿದಳು’ ಎಂದರೆ ಬೇಕಂತಲೇ ಏನೋ ಮಾಡಿದಳು ಎನ್ನಿಸುತ್ತದೆ, ಅಲ್ವಾ? ಅವಳ ತಪ್ಪೇನೂ ಇಲ್ಲ, ಚೆನ್ನಾಗಿ ಹಾಡಿದಳು ಅಷ್ಟೇ. ಹಾಗಾಗಿ ಕನ್ನಡಕ್ಕೆ ತರುವಾಗ ವಾಕ್ಯವನ್ನು ಮತ್ತೆ ನಮ್ಮ ಕಡೆಗೇ ತಿರುಗಿಸಿ: ‘ಅವಳ ಮುಂದೆ ಉಳಿದವರು ಮಂಕಾಗಿ ಕಂಡರು.’ ‘ಕಂಡರು’ ಎಂಬ ಪದ ಇಲ್ಲಿ ತುಂಬ ಕೆಲಸ ಮಾಡುತ್ತದೆ. ಅವರು ಮಂಕಾಗಲಿಲ್ಲ, ಹಾಗೆ ಕಂಡರು. ‘ಸೂಪರ್‌ನೋವಾ ಔಟ್‌ಶೋನ್ ಇಟ್ಸ್ ಗ್ಯಾಲಕ್ಸಿ’ ಎಂಬ ವಾಕ್ಯ ಸಿಕ್ಕಿದರೂ ಇದೇ ದಾರಿ: ‘ಸಿಡಿದ ಆ ಒಂದು ನಕ್ಷತ್ರದ ಮುಂದೆ ಅದರ ಇಡೀ ಗ್ಯಾಲಕ್ಸಿಯೇ ಮಂಕಾಗಿ ಕಂಡಿತು.’

ಯಾವ ವಿಷಯದಲ್ಲಿ ಮೀರಿಸಿದ್ದು ಎಂದು ಹೇಳಬೇಕಿದ್ದರೆ ಕೊನೆಯಲ್ಲಿ ‘ಇನ್’ ಹಾಕಿ: ‘ಇನ್ ಮ್ಯಾಥ್ಸ್’, ‘ಇನ್ ದ ಸೆಕೆಂಡ್ ಹಾಫ್’.

5. ಅಕ್ಕಪಕ್ಕದ ಪದಗಳಿಂದ ಬೇರೆ ಮಾಡಿ

ಔಟ್‌ಶೈನ್‌ಗೆ ಹತ್ತಿರದ ಪದಗಳು ಸುಮಾರಿವೆ. ನಿಘಂಟಿನಲ್ಲಿ ಒಂದೇ ಸಾಲಿನಲ್ಲಿ ಕೂತಿರುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಆರಿಸಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮುಂದೆ ಬಂದದ್ದು ಬೆಳಕೋ ನೆರಳೋ? ಹಿಂದೆ ಬಿದ್ದದ್ದು ಇನ್ನೂ ಕಾಣುತ್ತಿದೆಯೋ ಇಲ್ಲವೋ?

ಓವರ್‌ಶ್ಯಾಡೋ. ಹೆಸರಲ್ಲೇ ನೆರಳಿದೆ. 1963ರ ನವೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಹತ್ಯೆಯಾಯಿತು. ಅದೇ ದಿನ ಆಲ್ಡಸ್ ಹಕ್ಸ್ಲಿ, ಸಿ. ಎಸ್. ಲೂಯಿಸ್ ಎಂಬ ಇಬ್ಬರು ದೊಡ್ಡ ಲೇಖಕರೂ ತೀರಿಕೊಂಡರು. ಆ ಸುದ್ದಿ ಹೆಚ್ಚು ಜನರ ಕಿವಿಗೆ ಬೀಳಲೇ ಇಲ್ಲ. ಅವರ ಸಾವಿನ ಸುದ್ದಿ ‘ಓವರ್‌ಶ್ಯಾಡೋಡ್’ ಆಯಿತು. ಇಲ್ಲಿ ‘ಔಟ್‌ಶೋನ್’ ಎಂದರೆ ಹತ್ಯೆಯನ್ನು ಹೊಗಳಿದಂತೆ ಆಗುತ್ತದೆ. ಈ ತಪ್ಪು ಮಾಡಬೇಡಿ, ಓದುವವರ ಮನಸ್ಸಿಗೆ ನೋವಾಗುತ್ತದೆ. ಸಾವು, ಅಪಘಾತ, ಜಗಳ, ಹಗರಣ ಒಂದು ಒಳ್ಳೆಯ ದಿನವನ್ನು ಮಂಕು ಮಾಡಿದರೆ ಅದು ಯಾವಾಗಲೂ ಓವರ್‌ಶ್ಯಾಡೋ. ಔಟ್‌ಶೈನ್ ಒಳ್ಳೆಯದಕ್ಕೆ ಮಾತ್ರ.

ಇಕ್ಲಿಪ್ಸ್. ಗ್ರಹಣ ಎಂಬ ನಾಮಪದ ನಿಮಗೆ ಗೊತ್ತು. ಇದು ಕ್ರಿಯಾಪದವೂ ಹೌದು. ಮೂಲ ಗ್ರೀಕ್ ಪದಕ್ಕೆ ‘ಕಾಣಿಸದೆ ಹೋಗುವುದು’ ಎಂಬ ಅರ್ಥವಿದೆ. ಔಟ್‌ಶೈನ್‌ನಲ್ಲಿ ಹಿಂದೆ ಬಿದ್ದವರು ಮಂಕಾಗಿಯಾದರೂ ಕಾಣುತ್ತಾರೆ. ಇಕ್ಲಿಪ್ಸ್‌ನಲ್ಲಿ ಪೂರ್ತಿ ಮರೆಯಾಗುತ್ತಾರೆ. ಇನ್ನೂ ಒಂದು ವ್ಯತ್ಯಾಸ ನನಗೆ ಇಷ್ಟ. ಚಂದ್ರನ ಅಗಲ ಸೂರ್ಯನ ಅಗಲದ ಸುಮಾರು 400ರಲ್ಲಿ ಒಂದು ಪಾಲು ಮಾತ್ರ. ಆದರೆ ನಮಗೆ ಸುಮಾರು 400 ಪಟ್ಟು ಹತ್ತಿರ. ಹಾಗಾಗಿಯೇ ಅಷ್ಟು ದೊಡ್ಡ ಸೂರ್ಯನನ್ನು ಅಷ್ಟು ಚಿಕ್ಕ ಚಂದ್ರ ಮುಚ್ಚಿಬಿಡುತ್ತಾನೆ. ಅಂದರೆ ಇಕ್ಲಿಪ್ಸ್ ಮಾಡುವುದಕ್ಕೆ ಹೆಚ್ಚು ಹೊಳೆಯಬೇಕೆಂದಿಲ್ಲ, ಅಡ್ಡ ಬಂದರೂ ಸಾಕು. ಔಟ್‌ಶೈನ್ ಮಾಡಲು ಹೊಳೆಯಲೇಬೇಕು. ದಾಖಲೆ ಮುರಿಯುವುದಕ್ಕೂ ಇಕ್ಲಿಪ್ಸ್ ಬಳಸುತ್ತಾರೆ: ಬೋಲ್ಟ್ 2008ರ ತಮ್ಮದೇ 9.69ರ ದಾಖಲೆಯನ್ನು ಬರ್ಲಿನ್‌ನಲ್ಲಿ ‘ಇಕ್ಲಿಪ್ಸ್ಡ್’. ಹಳೆಯ ದಾಖಲೆ ಪಟ್ಟಿಯಿಂದಲೇ ಮರೆಯಾಗುತ್ತದಲ್ಲ, ಅದಕ್ಕೆ.

ಅಪ್‌ಸ್ಟೇಜ್. ಇದು ನಾಟಕದ ಪದ. ಹಳೆಯ ರಂಗಮಂದಿರಗಳಲ್ಲಿ ವೇದಿಕೆ ಹಿಂದಕ್ಕೆ ಹೋದಂತೆ ಎತ್ತರವಾಗುತ್ತಿತ್ತು. ಆ ಹಿಂಭಾಗವೇ ‘ಅಪ್‌ಸ್ಟೇಜ್’. ಒಬ್ಬ ನಟ ಮೆಲ್ಲಗೆ ಹಿಂದಕ್ಕೆ ಸರಿದರೆ ಎದುರಿನ ನಟ ಅವನ ಜೊತೆ ಮಾತಾಡಲು ಪ್ರೇಕ್ಷಕರಿಗೆ ಬೆನ್ನು ತಿರುಗಿಸಬೇಕಾಗುತ್ತದೆ. ಜನರ ಕಣ್ಣೆಲ್ಲ ಹಿಂದೆ ನಿಂತವನ ಮೇಲೆ. ಈ ಕಾರಣಕ್ಕೆ ಅಪ್‌ಸ್ಟೇಜ್‌ನಲ್ಲಿ ಸ್ವಲ್ಪ ಆಕ್ಷೇಪ ಬೆರೆತಿರುತ್ತದೆ: ಇನ್ನೊಬ್ಬರ ಹೊತ್ತಿನಲ್ಲಿ ಗಮನವನ್ನು ತನ್ನ ಕಡೆ ಎಳೆದುಕೊಂಡ ಎಂಬ ದೂರು. ಔಟ್‌ಶೈನ್‌ನಲ್ಲಿ ಆ ದೂರು ಇಲ್ಲ.

ಸ್ಟೀಲ್ ಸಮ್‌ಒನ್ಸ್ ಥಂಡರ್. ಇನ್ನೊಬ್ಬರ ಗುಡುಗು ಕದಿಯುವುದು! 1709ರಲ್ಲಿ ಜಾನ್ ಡೆನ್ನಿಸ್ ಎಂಬ ಇಂಗ್ಲಿಷ್ ನಾಟಕಕಾರ ತನ್ನ ನಾಟಕಕ್ಕಾಗಿ ಗುಡುಗಿನ ಸದ್ದು ಹೊರಡಿಸುವ ಹೊಸ ವಿಧಾನ ಮಾಡಿದ. ನಾಟಕ ಓಡಲಿಲ್ಲ. ಆಮೇಲೆ ಬೇರೊಂದು ನಾಟಕ ನೋಡಲು ಹೋದಾಗ ಅದೇ ಸದ್ದು ಕೇಳಿ, ನನ್ನ ನಾಟಕ ಬೇಡ, ನನ್ನ ಗುಡುಗು ಬೇಕು ಎಂದು ಸಿಟ್ಟಾದ ಎಂಬುದು ಪ್ರಚಲಿತ ಕಥೆ. ಇನ್ನೊಬ್ಬರು ಹೇಳಬೇಕೆಂದಿದ್ದ ಸುದ್ದಿಯನ್ನು ನೀವು ಮೊದಲೇ ಹೇಳಿಬಿಟ್ಟರೆ ಈ ಮಾತು ಸರಿಹೊಂದುತ್ತದೆ. ಪ್ರತಿಭೆಯ ಹೋಲಿಕೆಗಲ್ಲ.

ಇನ್ನು ಎಕ್ಸೀಡ್. ಅಳತೆ, ಮಿತಿ, ಹಣ, ವೇಗ ಮೀರಿದರೆ ಇದು. ಶುರುವಿನಲ್ಲಿ ಹೇಳಿದ ಬಜೆಟ್ ಪ್ರಶ್ನೆಗೆ ಉತ್ತರವೂ ಇದೇ. ಖರ್ಚು ಹೊಳೆಯುವುದಿಲ್ಲ, ಬಜೆಟ್ ಕೂಡ ಹೊಳೆಯುವುದಿಲ್ಲ. ಅಲ್ಲಿ ಬೆಳಕಿನ ಮಾತೇ ಇಲ್ಲ. ಔಟ್‌ಡೂ ಕೂಡ ನೆನಪಿರಲಿ: ತನ್ನನ್ನೇ ತಾನು ಮೀರಿಸುವುದಕ್ಕೆ ‘ಔಟ್‌ಡೂ ಯುವರ್‌ಸೆಲ್ಫ್’ ಎನ್ನುವುದೇ ರೂಢಿ.

6. ಯಾರ ಎದುರು ಹೇಳುತ್ತಿದ್ದೀರಿ ನೋಡಿಕೊಳ್ಳಿ

ವ್ಯಾಕರಣ ಸರಿಯಿದ್ದೂ ಕೆಲವೊಮ್ಮೆ ಮಾತು ಚುಚ್ಚುತ್ತದೆ. ಅಕ್ಕತಂಗಿಯರಿಬ್ಬರೂ ವೇದಿಕೆಯಿಂದ ಇಳಿದು ಬರುವಾಗ ತಂಗಿಗೆ ‘ಯು ಔಟ್‌ಶೋನ್ ಯುವರ್ ಸಿಸ್ಟರ್’ ಎಂದರೆ ಒಬ್ಬಳಿಗೆ ಹೊಗಳಿಕೆ, ಇನ್ನೊಬ್ಬಳಿಗೆ ಪೆಟ್ಟು. ಔಟ್‌ಶೈನ್‌ನಲ್ಲಿ ಹಿಂದೆ ಬಿದ್ದವರ ಹೆಸರು ಹೇಳಲೇಬೇಕಲ್ಲ, ಅದೇ ಕಷ್ಟ. ಅಲ್ಲಿ ‘ಯು ಶೋನ್ ಟುಡೇ’ ಅನ್ನಿ. ಯಾರಿಗೂ ನೋವಿಲ್ಲ.

ಕೆಲಸದ ಅರ್ಜಿಯಲ್ಲಿ, ಇಂಟರ್‌ವ್ಯೂನಲ್ಲಿ ‘ಐ ವಿಲ್ ಔಟ್‌ಶೈನ್ ಮೈ ಕಲೀಗ್ಸ್’ ಎಂದು ಬರೆಯುವುದನ್ನೂ ಬಿಟ್ಟುಬಿಡಿ. ಜೊತೆಯವರನ್ನು ಸ್ಪರ್ಧಿಗಳಂತೆ ನೋಡುವ ವ್ಯಕ್ತಿ ಎಂಬ ಭಾವನೆ ಬರುತ್ತದೆ. ‘ಐ ಎಕ್ಸೆಲ್ ಇನ್’ ಎಂದು ನಿಮ್ಮ ಕೆಲಸದ ಬಗ್ಗೆ ಮಾತ್ರ ಹೇಳಿ. ವರದಿ, ವಿಮರ್ಶೆ, ಕ್ರೀಡಾ ಸುದ್ದಿ, ಅಂದರೆ ಮೂರನೆಯವರ ಬಗ್ಗೆ ಬರೆಯುವ ಕಡೆ ಔಟ್‌ಶೈನ್ ಧಾರಾಳವಾಗಿ ಬಳಸಿ.

7. ಈಗ ನೀವೇ ಮಾಡಿ ನೋಡಿ

ಈ ಐದು ವಾಕ್ಯಗಳನ್ನು ನೋಟ್‌ಬುಕ್‌ನಲ್ಲಿ ಇಂಗ್ಲಿಷ್‌ಗೆ ತನ್ನಿ. ಆಮೇಲಷ್ಟೇ ಕೆಳಗಿನ ಉತ್ತರ ನೋಡಿ.

ಅ. ಗಣಿತದಲ್ಲಿ ಅವನ ಮುಂದೆ ಅಕ್ಕನೂ ಮಂಕು.
ಆ. ಅಪಘಾತದ ಸುದ್ದಿಯಿಂದ ಗೆಲುವಿನ ಸಂಭ್ರಮ ಮಂಕಾಯಿತು.
ಇ. ಗಾಡಿ ವೇಗದ ಮಿತಿ ಮೀರಿತು.
ಈ. ಈ ಸಲ ನಿನ್ನನ್ನೇ ನೀನು ಮೀರಿಸಿಬಿಟ್ಟೆ!
ಉ. ಚಿಕ್ಕ ಪಾತ್ರದ ಹುಡುಗ ನಾಯಕನನ್ನೇ ಮೀರಿಸಿಬಿಟ್ಟ.

ಮೊದಲನೆಯದು ‘ಹಿ ಔಟ್‌ಶೈನ್ಸ್ ಹಿಸ್ ಸಿಸ್ಟರ್ ಇನ್ ಮ್ಯಾಥ್ಸ್’. ‘ಮುಂದೆ’ಯ ಹಿಂದಿದ್ದ ‘ಅವನು’ ವಾಕ್ಯದ ಮೊದಲಿಗೆ ಬಂದ. ಎರಡನೆಯದರಲ್ಲಿ ನೆರಳಿದೆ, ಆದ್ದರಿಂದ ಓವರ್‌ಶ್ಯಾಡೋ. ಮೂರನೆಯದು ಎಕ್ಸೀಡ್. ನಾಲ್ಕನೆಯದು ‘ಯು ಹ್ಯಾವ್ ಔಟ್‌ಡನ್ ಯುವರ್‌ಸೆಲ್ಫ್’.

ಐದನೆಯದಕ್ಕೆ ಎರಡು ಉತ್ತರ ಆಗಬಹುದು. ಹುಡುಗ ತನ್ನ ಎರಡು ಮಾತನ್ನು ಅಷ್ಟು ಚೆನ್ನಾಗಿ ಆಡಿದ, ಅದಕ್ಕೆ ಜನ ಅವನನ್ನೇ ನೋಡಿದರು ಎಂದಾದರೆ ‘ಔಟ್‌ಶೋನ್’. ನಾಯಕ ಮಾತಾಡುವಾಗ ಹಿಂದೆ ನಿಂತು ಟೋಪಿ ತಿರುಗಿಸುತ್ತಾ ಜನರ ಕಣ್ಣು ಎಳೆದುಕೊಂಡ ಎಂದಾದರೆ ‘ಅಪ್‌ಸ್ಟೇಜ್ಡ್’.